ದಾರಿಯವನ ಆಯುಧ: ಅಮೆರಿಕಾದ ರಾಜ್ಯಗಡಿಗಳೂ ಲಾರಿ ಚಾಲಕನೂ

೧

ಮನೆಯಲ್ಲಿದ್ದಾಗ ಪೂರ್ಣವಾಗಿ ನಡೆಸಬೇಕಾದ ಆಚಾರವನ್ನು ಪ್ರಯಾಣಕಾಲದಲ್ಲಿ ಸಂಕ್ಷೇಪಿಸಿಕೊಳ್ಳಬಹುದೆಂಬ ತತ್ತ್ವವನ್ನು ನಮ್ಮ ಹಿರಿಯರು ಒಪ್ಪಿಕೊಂಡಿದ್ದರು. ದಾರಿಯಲ್ಲಿರುವವನಿಗೆ ಊರಿನಲ್ಲಿರುವವನ ನಿಯಮವು ಪೂರ್ತಿಯಾಗಿ ಅನ್ವಯಿಸದು. ಅವನ ಕಷ್ಟವೂ ಬೇರೆ, ಅವನ ಭಯವೂ ಬೇರೆ. ಇದೇ ಬಗೆಯ ಔದಾರ್ಯವು ಅಮೆರಿಕಾ ಸಂಯುಕ್ತ ಸಂಸ್ಥಾನದ ಆಯುಧ ಶಾಸನಗಳಲ್ಲಿಯೂ ಎರಡು ಶತಮಾನಗಳಿಂದ ಕಾಣಬರುತ್ತದೆ. ಊರೊಳಗೆ ಪಿಸ್ತೂಲನ್ನು ಅಡಗಿಸಿಕೊಂಡು ತಿರುಗುವವನನ್ನು ದಂಡಿಸಿದ ಶಾಸನಗಳೇ ದೂರ ಪ್ರಯಾಣ ಹೊರಟವನನ್ನು ಬಿಟ್ಟುಕೊಟ್ಟಿವೆ.

ಆದರೆ ಈ ವಿನಾಯಿತಿಯ ಹಿಂದೆ ಒಂದು ಊಹೆ ಅಡಗಿದ್ದಿತು. ಪ್ರಯಾಣವೆಂಬುದು ತಾತ್ಕಾಲಿಕವಾದುದು, ಅದರ ಒಂದು ತುದಿಯಲ್ಲಿ ಮನೆಯೂ ಮತ್ತೊಂದು ತುದಿಯಲ್ಲಿ ಗಮ್ಯಸ್ಥಾನವೂ ಇರುತ್ತದೆ ಎಂಬುದೇ ಆ ಊಹೆ. ಇಪ್ಪತ್ತನೆಯ ಶತಮಾನದಲ್ಲಿ ಪ್ರಯಾಣವನ್ನೇ ವೃತ್ತಿಯಾಗಿ ಮಾಡಿಕೊಂಡ ಒಂದು ವರ್ಗವು ಹುಟ್ಟಿಕೊಂಡಿತು. ದೂರದ ಸರಕನ್ನು ಸಾಗಿಸುವ ಲಾರಿ ಚಾಲಕನು ವಾರಗಟ್ಟಲೆ ತನ್ನ ವಾಹನದಲ್ಲಿಯೇ ದುಡಿಯುತ್ತಾನೆ, ಅದರಲ್ಲಿಯೇ ಉಣ್ಣುತ್ತಾನೆ, ಅದರಲ್ಲಿಯೇ ಮಲಗುತ್ತಾನೆ. ಅವನು ಪ್ರಯಾಣಿಕನೋ, ಮನೆಯಲ್ಲಿರುವವನೋ, ಕೆಲಸದ ಸ್ಥಳದಲ್ಲಿರುವವನೋ ಎಂಬ ಪ್ರಶ್ನೆಗೆ ಆ ದೇಶದ ಶಾಸನಗಳು ಇನ್ನೂ ಒಂದೇ ಬಾಯಿಂದ ಉತ್ತರ ಕೊಟ್ಟಿಲ್ಲ. ಸಂಜೆ ಊಟಕ್ಕೆ ಕುಳಿತ ರಾಜ್ಯದಲ್ಲಿ ನಿರ್ದೋಷಿಯಾಗಿದ್ದವನು, ಅದೇ ಪಿಸ್ತೂಲು ಅದೇ ಜಾಗದಲ್ಲಿ ಇದ್ದಂತೆಯೇ, ನಡುರಾತ್ರಿಯ ವೇಳೆಗೆ ಮತ್ತೊಂದು ರಾಜ್ಯದಲ್ಲಿ ವರ್ಷಗಟ್ಟಲೆ ಸೆರೆವಾಸಕ್ಕೆ ಅರ್ಹನಾದ ಅಪರಾಧಿಯಾಗಬಹುದು. ಈ ವೈಚಿತ್ರ್ಯವು ಹೇಗೆ ಬಂದಿತೆಂಬುದನ್ನು ಇತಿಹಾಸಕ್ರಮದಲ್ಲಿ ನೋಡುವುದು ಈ ಲೇಖನದ ಉದ್ದೇಶ.

೨

ಅಮೆರಿಕಾದ ಸಂವಿಧಾನಕ್ಕೆ ೧೭೯೧ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯು ಆಯುಧಗಳನ್ನು ಇಟ್ಟುಕೊಳ್ಳುವ ಮತ್ತು ಧರಿಸುವ ಜನರ ಹಕ್ಕನ್ನು ಉಲ್ಲೇಖಿಸುತ್ತದೆ. ಆದರೆ ಈ ಹಕ್ಕು ಬಹುಕಾಲ ರಾಷ್ಟ್ರೀಯ ಸರ್ಕಾರವನ್ನು ಮಾತ್ರ ಕಟ್ಟಿಹಾಕುತ್ತಿದ್ದಿತೇ ಹೊರತು ರಾಜ್ಯಗಳನ್ನಲ್ಲ. ೧೮೭೬ರ ಕ್ರೂಕ್‌ಶ್ಯಾಂಕ್ ತೀರ್ಪಿನಲ್ಲಿಯೂ ೧೮೮೬ರ ಪ್ರೆಸರ್ ತೀರ್ಪಿನಲ್ಲಿಯೂ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿತು. ಆದುದರಿಂದ ಆಯುಧ ಧಾರಣೆಯ ವಿಷಯದಲ್ಲಿ ಒಂದೊಂದು ರಾಜ್ಯವೂ ತನ್ನ ತನ್ನ ಸಂವಿಧಾನಕ್ಕೂ ತನ್ನ ತನ್ನ ಸಮಾಜದ ಅಳುಕಿಗೂ ತಕ್ಕಂತೆ ಶಾಸನ ಮಾಡಿಕೊಳ್ಳುತ್ತ ಬಂದಿತು.

ಗುಪ್ತವಾಗಿ ಆಯುಧ ಧರಿಸುವುದನ್ನು ನಿಷೇಧಿಸಿದ ಮೊದಲ ರಾಜ್ಯಗಳು ಕೆಂಟಕಿ ಮತ್ತು ಲೂಯಿಸಿಯಾನಾ. ಎರಡೂ ಶಾಸನಗಳು ೧೮೧೩ರವು. ಕೆಂಟಕಿಯ ಶಾಸನವು ಜೇಬಿನ ಪಿಸ್ತೂಲು, ಕಠಾರಿ, ದೊಡ್ಡ ಚೂರಿ, ಗುಪ್ತಿ ಇವುಗಳನ್ನು ಮರೆಯಾಗಿ ಧರಿಸಿದವನಿಗೆ ನೂರು ಡಾಲರಿಗೆ ಕಡಮೆಯಿಲ್ಲದ ದಂಡವನ್ನು ವಿಧಿಸಿ, ಪ್ರಯಾಣದಲ್ಲಿದ್ದವನನ್ನು ಅದರಿಂದ ಹೊರತುಪಡಿಸಿತು. ೧೮೨೨ರಲ್ಲಿ ಬ್ಲಿಸ್ ಎಂಬ ಮೊಕದ್ದಮೆಯಲ್ಲಿ ಆ ರಾಜ್ಯದ ನ್ಯಾಯಾಲಯವು ಈ ಶಾಸನವನ್ನು ಅಸಿಂಧುವೆಂದು ಸಾರಿದರೂ ಅದರ ಮಾದರಿಯು ಉಳಿದುಕೊಂಡಿತು. ೧೮೨೧ರ ಟೆನೆಸಿ ಶಾಸನವು ತನ್ನ ಜಿಲ್ಲೆಯನ್ನೋ ರಾಜ್ಯವನ್ನೋ ಬಿಟ್ಟು ಹೊರಗೆ ಹೊರಟವನಿಗೆ ವಿನಾಯಿತಿ ಕೊಟ್ಟಿತು. ಅಂತರ್ಯುದ್ಧದ ತರುವಾಯ ೧೮೭೧ರಲ್ಲಿ ಟೆಕ್ಸಾಸ್ ರಾಜ್ಯವು ಬಹಳ ಕಠಿನವಾದ ಶಾಸನವೊಂದನ್ನು ಮಾಡಿತು. ಅದು ಕೂಡ ಸ್ವಂತ ಜಮೀನಿನಲ್ಲಿರುವವನನ್ನೂ ಸ್ವಂತ ವ್ಯಾಪಾರ ಸ್ಥಳದಲ್ಲಿರುವವನನ್ನೂ ಮುಟ್ಟಲಿಲ್ಲ. ತನ್ನ ಸಾಮಾನಿನೊಡನೆ ಆಯುಧವನ್ನು ಒಯ್ಯುವ ಪ್ರಯಾಣಿಕನನ್ನೂ ಮುಟ್ಟಲಿಲ್ಲ. ಮನೆ, ಅಂಗಡಿ, ದಾರಿ ಎಂಬ ಈ ಮೂರು ಆಶ್ರಯಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ನೂರೈವತ್ತು ವರ್ಷಗಳ ವಾದವೆಲ್ಲವೂ ಇವುಗಳ ಸುತ್ತಲೇ ಸುತ್ತುತ್ತದೆ.

ಪ್ರಯಾಣವೆಂದರೆ ಎಷ್ಟು ದೂರ? ಪಕ್ಕದ ಊರಿನ ಸಂತೆಗೆ ಹೋಗುವವನು ಪ್ರಯಾಣಿಕನೆ? ರಾತ್ರಿ ತಂಗದೆ ಮರಳುವವನು ಪ್ರಯಾಣಿಕನೆ? ಶಾಸನಗಳು ಇದನ್ನು ಹೇಳದೆ ಬಿಟ್ಟುದರಿಂದ ನ್ಯಾಯಾಲಯಗಳು ಹೇಳಬೇಕಾಯಿತು. ೧೮೭೯ರ ಕಾರ್ ಮೊಕದ್ದಮೆಯಲ್ಲಿ ಆರ್ಕನ್ಸಾ ರಾಜ್ಯದ ನ್ಯಾಯಾಲಯವು ಈ ವಿನಾಯಿತಿಯ ಗುರಿಯನ್ನು ಹೀಗೆ ವಿವೇಚಿಸಿತು: ಹೆದ್ದಾರಿಯಲ್ಲಿ ಸಾಗುವಾಗಲೂ ಜನನಿಬಿಡ ಸ್ಥಳವನ್ನು ಹಾದುಹೋಗುವಾಗಲೂ ಆತ್ಮರಕ್ಷಣೆ ಮಾಡಿಕೊಳ್ಳುವುದಕ್ಕಾಗಿ ಇದನ್ನು ಕೊಟ್ಟಿರುವುದೇ ಹೊರತು, ಪ್ರಯಾಣಿಕನು ಊರ ಬೀದಿಗಳಲ್ಲಿ ನಿಂತು ಜನರೊಡನೆ ಬೆರೆಯುವಾಗಲೂ ಆಯುಧಪಾಣಿಯಾಗಿರಲಿ ಎಂದಲ್ಲ. ಅಂದರೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸಾಗುವುದಕ್ಕೂ ನಿಲ್ಲುವುದಕ್ಕೂ ನಡುವೆ ಒಂದು ಗೆರೆ ಬಿದ್ದಿತ್ತು. ಸಾಗುವವನಿಗೆ ರಕ್ಷಣೆಯುಂಟು, ನಿಂತವನಿಗೆ ಇಲ್ಲ.

ಇಂತಹ ಅಸ್ಪಷ್ಟ ಪದಗಳು ಅಧಿಕಾರಿಯ ಕೈಯಲ್ಲಿ ಏನಾಗುತ್ತವೆ ಎಂಬುದಕ್ಕೆ ಫ್ಲಾರಿಡಾ ರಾಜ್ಯದ ಇತಿಹಾಸವು ಕಹಿಯಾದ ಸಾಕ್ಷ್ಯವನ್ನು ಒದಗಿಸುತ್ತದೆ. ೧೯೪೧ರಲ್ಲಿ ವಾಟ್ಸನ್ ಎಂಬ ಮೊಕದ್ದಮೆಯು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಮೋಟಾರು ಕಾರಿನ ಮುಂಗಡೆಯ ಖಾನೆಯಲ್ಲಿ ಪರವಾನಗಿಯಿಲ್ಲದ ಪಿಸ್ತೂಲು ದೊರೆತುದೇ ಆಪಾದನೆ. ನ್ಯಾಯಾಲಯವು ಆಪಾದಿತನನ್ನು ಬಿಡುಗಡೆ ಮಾಡಿತು. ಪ್ರತ್ಯೇಕವಾಗಿ ಸಹಮತ ಸೂಚಿಸಿದ ನ್ಯಾಯಮೂರ್ತಿ ಬ್ಯುಫರ್ಡರು, ೧೮೯೩ರ ಆ ಶಾಸನವು ನೀಗ್ರೋ ಕೂಲಿಕಾರರನ್ನು ನಿರಾಯುಧರನ್ನಾಗಿ ಮಾಡಲು ಹುಟ್ಟಿದುದೆಂದೂ ಬಿಳಿಯರಿಗೆ ಅನ್ವಯಿಸುವ ಉದ್ದೇಶವೇ ಅದಕ್ಕೆ ಇರಲಿಲ್ಲವೆಂದೂ ಮರೆಮಾಚದೆ ಬರೆದರು. ಯಾರು ಪ್ರಯಾಣಿಕ, ಯಾರು ಅಲೆಮಾರಿ ಎಂಬುದನ್ನು ಶಾಸನದ ಅಕ್ಷರವು ನಿರ್ಧರಿಸದಿದ್ದಾಗ ಎದುರಿಗೆ ನಿಂತವನ ಮೈಬಣ್ಣವು ನಿರ್ಧರಿಸುತ್ತಿದ್ದಿತೆಂಬುದು ಇದರಿಂದ ವಿದಿತವಾಗುತ್ತದೆ.

೩

ಮೋಟಾರು ವಾಹನವು ಬಂದ ಮೇಲೆ ಹಳೆಯ ಕಲ್ಪನೆಗಳು ಸಡಿಲವಾದವು. ಕುದುರೆಯ ಮೇಲೆ ಎರಡು ದಿನದ ಹಾದಿಯು ಎರಡು ಗಂಟೆಗೆ ಇಳಿಯಿತು. ಅಪರಾಧಿಯೂ ಅಷ್ಟೇ ವೇಗವಾಗಿ ಗಡಿ ದಾಟಬಲ್ಲವನಾದನು. ನ್ಯೂಯಾರ್ಕ್ ರಾಜ್ಯವು ೧೯೧೧ರ ಸಲ್ಲಿವನ್ ಶಾಸನದ ಮೂಲಕ ಅಡಗಿಸಿಕೊಳ್ಳಬಲ್ಲ ಎಲ್ಲ ಬಂದೂಕುಗಳಿಗೂ ಪರವಾನಗಿಯನ್ನು ಕಡ್ಡಾಯ ಮಾಡಿತು. ೧೯೩೧ರ ಪೆನ್ಸಿಲ್ವೇನಿಯಾ ಶಾಸನವು ಪರವಾನಗಿಯಿಲ್ಲದೆ ಯಾವ ವಾಹನದಲ್ಲಿಯೂ ಬಂದೂಕನ್ನು ಒಯ್ಯಕೂಡದೆಂದು ವಿಧಿಸಿ, ಸ್ವಂತ ವಾಸಸ್ಥಳವನ್ನೂ 'ಸ್ಥಿರವಾದ' ವ್ಯಾಪಾರ ಸ್ಥಳವನ್ನೂ ಮಾತ್ರ ಹೊರತುಪಡಿಸಿತು. ಇದೇ ಮಾದರಿಯ ಶಾಸನಗಳು ಬೇರೆ ಕೆಲವು ರಾಜ್ಯಗಳಲ್ಲಿಯೂ ಜಾರಿಗೆ ಬಂದವು. ಲಾರಿ ಚಾಲಕನ ದೃಷ್ಟಿಯಿಂದ 'ಸ್ಥಿರ' ಎಂಬ ಆ ಒಂದು ವಿಶೇಷಣವೇ ನಿರ್ಣಾಯಕವಾದುದು. ಅವನ ವ್ಯಾಪಾರ ಸ್ಥಳಕ್ಕೆ ಚಕ್ರಗಳಿವೆ. ೨೦೦೪ರಷ್ಟು ಈಚೆಗೆ ಕನೆಕ್ಟಿಕಟ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಲಟರ್ಸ್ ಮೊಕದ್ದಮೆಯಲ್ಲಿ, ಟ್ಯಾಕ್ಸಿ ಚಾಲಕನ ಟ್ಯಾಕ್ಸಿಯು ಅವನ 'ವ್ಯಾಪಾರ ಸ್ಥಳ'ವಲ್ಲವೆಂದು ತೀರ್ಪಿತ್ತಿತು. ಹೀಗೆ ಹಳೆಯ ಮೂರು ಆಶ್ರಯಗಳಲ್ಲಿ ಅಂಗಡಿಯೆಂಬುದು ಚಾಲಕನ ಕೈತಪ್ಪುತ್ತ ಬಂದಿತು.

ಇದೇ ಅವಧಿಯಲ್ಲಿ ಲಾರಿಯ ಮೇಲೆ ರಾಷ್ಟ್ರೀಯ ಸರ್ಕಾರದ ಅಧಿಕಾರವು ಬೆಳೆಯುತ್ತಿದ್ದಿತು. ೧೯೩೫ರ ಮೋಟಾರು ಸಾಗಾಣಿಕೆ ಶಾಸನವು ಅಂತರರಾಜ್ಯ ಲಾರಿ ಉದ್ಯಮವನ್ನು ಅಂತರರಾಜ್ಯ ವಾಣಿಜ್ಯ ಆಯೋಗದ ಹತೋಟಿಗೆ ತಂದಿತು. ೧೯೫೬ರ ಹೆದ್ದಾರಿ ಶಾಸನವು ೪೧,೦೦೦ ಮೈಲಿಗಳ ಅಂತರರಾಜ್ಯ ಹೆದ್ದಾರಿ ಜಾಲವನ್ನು ಯೋಜಿಸಿತು. ರಾಜ್ಯಗಳು ಈ ಸಂಚಾರಕ್ಕೆ ಅಡ್ಡಿಮಾಡಕೂಡದೆಂಬ ವಿಚಾರದಲ್ಲಿ ನ್ಯಾಯಾಲಯಗಳು ಎಷ್ಟು ಜಾಗರೂಕವಾಗಿದ್ದವೆಂಬುದಕ್ಕೆ ೧೯೫೯ರ ಬಿಬ್ ಮೊಕದ್ದಮೆಯೇ ನಿದರ್ಶನ. ಇಲಿನಾಯ್ ರಾಜ್ಯವು ಲಾರಿಗಳ ಹಿಂಚಕ್ರಗಳಿಗೆ ಬಾಗಿದ ಆಕಾರದ ಮಡ್‌ಗಾರ್ಡುಗಳೇ ಇರಬೇಕೆಂದು ವಿಧಿಸಿದ್ದಿತು. ಕನಿಷ್ಠ ೪೫ ರಾಜ್ಯಗಳಲ್ಲಿ ನೇರವಾದ ಮಡ್‌ಗಾರ್ಡುಗಳಿಗೆ ಅಭ್ಯಂತರವಿರಲಿಲ್ಲ. ಆರ್ಕನ್ಸಾದಲ್ಲಂತೂ ನೇರವಾದುದೇ ಕಡ್ಡಾಯವಾಗಿದ್ದಿತು. ಗಡಿಯಲ್ಲಿ ಲಾರಿಯನ್ನು ನಿಲ್ಲಿಸಿ ಮಡ್‌ಗಾರ್ಡು ಬದಲಿಸುವ ಪಾಡು ಅಂತರರಾಜ್ಯ ವಾಣಿಜ್ಯಕ್ಕೆ ತಕ್ಕುದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಇಲಿನಾಯ್ ಶಾಸನವನ್ನು ತಳ್ಳಿಹಾಕಿತು. ಚಕ್ರದ ಕೆಸರನ್ನು ತಡೆಯುವ ರಬ್ಬರಿನ ಹಾಳೆಗೆ ದೊರೆತ ಈ ಏಕರೂಪತೆಯು ಚಾಲಕನ ಬಳಿಯಿರುವ ಆಯುಧಕ್ಕೆ ಎಂದೂ ದೊರೆಯಲಿಲ್ಲ. ಕಾರಣವೂ ಸ್ಪಷ್ಟ. ಮಡ್‌ಗಾರ್ಡು ವಾಣಿಜ್ಯದ ವಿಷಯ. ಆಯುಧವು ರಾಜ್ಯದ ಶಾಂತಿಪಾಲನೆಯ ವಿಷಯ.

ಆ ಶಾಂತಿಪಾಲನೆಯೂ ಕಾಲಕ್ರಮದಲ್ಲಿ ಕಠೋರವಾಯಿತು. ಅಧ್ಯಕ್ಷ ಕೆನೆಡಿಯವರ ಹತ್ಯೆ ೧೯೬೩ರಲ್ಲಿಯೂ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನೆಡಿಯವರ ಹತ್ಯೆಗಳು ೧೯೬೮ರಲ್ಲಿಯೂ ನಡೆದವು. ೧೯೬೮ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಬಂದೂಕು ನಿಯಂತ್ರಣ ಶಾಸನವು ಅಂತರರಾಜ್ಯ ಮಾರಾಟವನ್ನು ಬಿಗಿಗೊಳಿಸಿತು. ಮ್ಯಾಸಚೂಸೆಟ್ಸ್ ರಾಜ್ಯದ ೧೯೭೪ರ ಶಾಸನವು ಪರವಾನಗಿಯಿಲ್ಲದೆ ಬಂದೂಕು ಒಯ್ದವನಿಗೆ ಒಂದು ವರ್ಷದ ಕಡ್ಡಾಯ ಸೆರೆಯನ್ನು ವಿಧಿಸಿತು. ನ್ಯೂಜೆರ್ಸಿಯ ೧೯೮೧ರ ಗ್ರೇವ್ಸ್ ಶಾಸನವು ಬಂದೂಕಿನ ಅಪರಾಧಗಳಿಗೆ ಕನಿಷ್ಠ ಶಿಕ್ಷೆಯನ್ನು ಗೊತ್ತುಪಡಿಸಿತು. ೨೦೦೮ರಲ್ಲಿ ಪರವಾನಗಿಯಿಲ್ಲದೆ ಬಂದೂಕನ್ನು ಸುಮ್ಮನೆ ಇಟ್ಟುಕೊಂಡಿರುವುದಕ್ಕೂ ಅದು ವಿಸ್ತರಿಸಿತು. ಗಡಿ ತಪ್ಪಿ ಬಂದವನೂ ಗಡಿಯೊಳಗಣ ದುಷ್ಕರ್ಮಿಯೂ ಈ ಶಾಸನಗಳ ಮುಂದೆ ಬಹುಮಟ್ಟಿಗೆ ಒಂದೇ ಸಾಲಿನಲ್ಲಿ ನಿಂತರು.

೪

೧೯೮೬ನೆಯ ವರ್ಷವು ಈ ಇತಿಹಾಸದಲ್ಲಿ ಎರಡು ಕಾರಣಗಳಿಂದ ಮುಖ್ಯವಾದುದು. ಆ ವರ್ಷದ ಮೇ ೧೯ರಂದು ಅಧ್ಯಕ್ಷ ರೀಗನ್ನರು ಬಂದೂಕು ಮಾಲೀಕರ ರಕ್ಷಣಾ ಶಾಸನಕ್ಕೆ ಅಂಕಿತ ಹಾಕಿದರು. ಸೆನೆಟರ್ ಮೆಕ್‌ಕ್ಲೂರ್ ಮತ್ತು ಪ್ರತಿನಿಧಿ ವೋಕ್ಮರ್ ಇವರ ಹೆಸರಿನಲ್ಲಿಯೂ ಪ್ರಸಿದ್ಧವಾದ ಈ ಶಾಸನವು ಹಳೆಯ ರಾಜ್ಯ ಶಾಸನಗಳ ಪ್ರಯಾಣಿಕ ವಿನಾಯಿತಿಯನ್ನು ಮೊದಲ ಬಾರಿಗೆ ರಾಷ್ಟ್ರಮಟ್ಟಕ್ಕೆ ಏರಿಸಿತು. ಆಯುಧವನ್ನು ಕಾನೂನುಬದ್ಧವಾಗಿ ಇಟ್ಟುಕೊಂಡು ಒಯ್ಯಬಹುದಾದ ಒಂದು ಸ್ಥಳದಿಂದ ಅಂತಹುದೇ ಮತ್ತೊಂದು ಸ್ಥಳಕ್ಕೆ ಹೋಗುವವನನ್ನು ನಡುವಣ ರಾಜ್ಯವು ತನ್ನ ಶಾಸನದಿಂದ ದಂಡಿಸಕೂಡದು. ಆದರೆ ಇದಕ್ಕೆ ಕಟ್ಟಳೆಗಳಿವೆ. ಬಂದೂಕಿನಲ್ಲಿ ಗುಂಡು ತುಂಬಿರಕೂಡದು. ಬಂದೂಕಾಗಲಿ ಗುಂಡುಗಳಾಗಲಿ ಕುಳಿತವರ ಕೈಗೆಟುಕುವಂತಿರಕೂಡದು. ಅದೇ ಜುಲೈ ತಿಂಗಳಲ್ಲಿ ತಿದ್ದಲ್ಪಟ್ಟ ಪಾಠದ ಪ್ರಕಾರ, ಚಾಲಕನ ಭಾಗದಿಂದ ಬೇರೆಯಾದ ಡಿಕ್ಕಿಯಿಲ್ಲದ ವಾಹನದಲ್ಲಿ ಅವುಗಳನ್ನು ಬೀಗ ಹಾಕಿದ ಪೆಟ್ಟಿಗೆಯೊಂದರಲ್ಲಿ ಇಡಬೇಕು. ಮುಂಗಡೆಯ ಖಾನೆಯಾಗಲಿ ಆಸನಗಳ ನಡುವಣ ಖಾನೆಯಾಗಲಿ ಅಂತಹ ಪೆಟ್ಟಿಗೆಯೆನಿಸದು.

ಲಾರಿಯ ಕ್ಯಾಬಿನ್ನಿಗೆ ಅನ್ವಯಿಸುವುದು ಈ ಕೊನೆಯ ಕಟ್ಟಳೆಯೇ. ಇದನ್ನು ಪಾಲಿಸಿದ ಚಾಲಕನು ಆಯುಧವನ್ನು ಒಂದು ಸರಕಿನಂತೆ ಸಾಗಿಸುತ್ತಾನೆಯೇ ಹೊರತು ಅದರಿಂದ ರಕ್ಷಣೆ ಪಡೆಯುವ ಸ್ಥಿತಿಯಲ್ಲಿರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಪ್ರಯಾಣಿಕನಿಗೆ ಆಯುಧವನ್ನು ಬಿಟ್ಟುಕೊಟ್ಟುದು ದಾರಿಯ ಭಯಕ್ಕಾಗಿ. ೧೯೮೬ರ ಪ್ರಯಾಣಿಕನಿಗೆ ಬಿಟ್ಟುಕೊಟ್ಟುದು ಆಯುಧದ ಒಡೆತನವು ದಾರಿಯಲ್ಲಿ ತಪ್ಪಿಹೋಗದಿರಲೆಂದು. ಎರಡರ ಹೆಸರು ಒಂದೇ ಆದರೂ ತಿರುಳು ಬೇರೆ.

ಎರಡನೆಯ ಕಾರಣವು ಅದೇ ವರ್ಷದ ಅಕ್ಟೋಬರ್ ೨೭ರಂದು ಜಾರಿಗೆ ಬಂದ ವಾಣಿಜ್ಯ ವಾಹನ ಸುರಕ್ಷಾ ಶಾಸನ. ಅದುವರೆಗೆ ಭಾರಿ ವಾಹನ ಚಾಲಕರಿಗೆ ರಾಜ್ಯ ರಾಜ್ಯಕ್ಕೂ ಬೇರೆ ಬೇರೆ ಅರ್ಹತೆಗಳಿದ್ದವು. ಹಲವರು ನಾಲ್ಕಾರು ರಾಜ್ಯಗಳ ಲೈಸೆನ್ಸುಗಳನ್ನು ಇಟ್ಟುಕೊಂಡು, ಒಂದರ ಮೇಲೆ ದಂಡ ಬಿದ್ದರೆ ಮತ್ತೊಂದನ್ನು ತೋರಿಸುತ್ತಿದ್ದರು. ಹೊಸ ಶಾಸನವು ಒಬ್ಬ ಚಾಲಕನಿಗೆ ಒಂದೇ ಲೈಸೆನ್ಸು ಎಂದು ವಿಧಿಸಿ ಪರೀಕ್ಷೆಯ ಕನಿಷ್ಠ ಮಟ್ಟವನ್ನು ದೇಶಕ್ಕೆಲ್ಲ ಗೊತ್ತುಪಡಿಸಿತು. ೧೯೯೨ರ ಏಪ್ರಿಲ್ ಒಂದರಿಂದ ಅದು ಎಲ್ಲರಿಗೂ ಕಡ್ಡಾಯವಾಯಿತು. ೮೦,೦೦೦ ಪೌಂಡು ತೂಕದ ವಾಹನವನ್ನು ನಡೆಸಲು ಒಂದು ರಾಜ್ಯವು ಕೊಟ್ಟ ಪತ್ರವನ್ನು ಉಳಿದೆಲ್ಲ ರಾಜ್ಯಗಳೂ ಮನ್ನಿಸತಕ್ಕುದು. ಅದೇ ಚಾಲಕನಿಗೆ ಅದೇ ರಾಜ್ಯವು ಕೊಟ್ಟ ಪಿಸ್ತೂಲಿನ ಪರವಾನಗಿಯನ್ನಾದರೋ ಮನ್ನಿಸಿದರೂ ಮನ್ನಿಸಬಹುದು, ಬಿಟ್ಟರೂ ಬಿಡಬಹುದು. ಚಾಲನೆಯ ಲೈಸೆನ್ಸು ರಿಸರ್ವ್ ಬ್ಯಾಂಕಿನ ನೋಟಿನಂತೆ. ಆಯುಧದ ಪರವಾನಗಿಯು ಹಿಂದಿನ ಕಾಲದ ಹುಂಡಿಯಂತೆ. ಹುಂಡಿಯು ಎಷ್ಟೇ ನಿಜವಾದುದಾದರೂ ಅದನ್ನು ಬರೆದ ಸಾಹುಕಾರನ ಮಾತಿಗೆ ಪರಊರಿನ ಸಾಹುಕಾರನು ಬೆಲೆ ಕೊಟ್ಟರೆ ಮಾತ್ರ ಅದು ಹಣ.

೫

ಈ ಹುಂಡಿಯು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ಒಂದೇ ರಸ್ತೆಯ ಉದಾಹರಣೆಯಿಂದ ತಿಳಿಯಬಹುದು. ಮಯಾಮಿಯಿಂದ ಹೊರಟು ಕೆನಡಾದ ಗಡಿಯಲ್ಲಿ ಮುಗಿಯುವ ೯೫ನೆಯ ಅಂತರರಾಜ್ಯ ಹೆದ್ದಾರಿಯು ೧೫ ರಾಜ್ಯಗಳನ್ನು ಹಾಯುತ್ತದೆ. ದಕ್ಷಿಣದ ಜಾರ್ಜಿಯಾ ೨೦೨೨ರಲ್ಲಿಯೂ ಫ್ಲಾರಿಡಾ ೨೦೨೩ರಲ್ಲಿಯೂ ದಕ್ಷಿಣ ಕ್ಯಾರೊಲೈನಾ ೨೦೨೪ರಲ್ಲಿಯೂ ಅರ್ಹ ವಯಸ್ಕನು ಪರವಾನಗಿಯಿಲ್ಲದೆಯೇ ಪಿಸ್ತೂಲನ್ನು ಒಯ್ಯಬಹುದೆಂದು ಶಾಸನ ಮಾಡಿದವು. ಉತ್ತರ ಕ್ಯಾರೊಲೈನಾ ಇತರ ರಾಜ್ಯಗಳ ಪರವಾನಗಿಗಳನ್ನು ಮನ್ನಿಸುತ್ತದೆ. ಮೇರಿಲ್ಯಾಂಡಿನಲ್ಲಿ ಹೊರರಾಜ್ಯದ ಪರವಾನಗಿ ಸಲ್ಲದು. ನ್ಯೂಜೆರ್ಸಿಯಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಕನೆಕ್ಟಿಕಟ್‌ನಲ್ಲಿಯೂ ಸಲ್ಲದು. ರಸ್ತೆಯು ಇನ್ನೂ ಉತ್ತರಕ್ಕೆ ಹೋಗಿ ನ್ಯೂಹ್ಯಾಂಪ್‌ಷೈರ್ ಮತ್ತು ಮೇನ್ ರಾಜ್ಯಗಳನ್ನು ಮುಟ್ಟಿದಾಗ ಮತ್ತೆ ಪರವಾನಗಿಯ ಅಗತ್ಯವೇ ಇಲ್ಲ. ಮಾರ್ಗದ ಎರಡು ತುದಿಗಳಲ್ಲಿ ಸಹಜವೆನಿಸಿದುದು ನಟ್ಟನಡುವೆ ಘೋರಾಪರಾಧವಾಗುತ್ತದೆ. ಇದಲ್ಲದೆ ೧೯೯೦ರಲ್ಲಿ ಹುಟ್ಟಿ, ೧೯೯೫ರಲ್ಲಿ ಅಸಿಂಧುವಾಗಿ, ೧೯೯೬ರಲ್ಲಿ ಪುನಃ ರಚಿತವಾದ ರಾಷ್ಟ್ರೀಯ ಶಾಸನವೊಂದು ಶಾಲೆಗಳ ಸುತ್ತಣ ಸಾವಿರ ಅಡಿಗಳೊಳಗೆ ಬಂದೂಕನ್ನು ನಿಷೇಧಿಸುತ್ತದೆ. ಬೀಗ ಹಾಕಿಟ್ಟ ಖಾಲಿ ಬಂದೂಕಿಗೂ, ಆ ಶಾಲೆಯಿರುವ ರಾಜ್ಯವೇ ಕೊಟ್ಟ ಪರವಾನಗಿಯುಳ್ಳವನಿಗೂ ಅದರಲ್ಲಿ ವಿನಾಯಿತಿಯುಂಟು. ಪರರಾಜ್ಯದ ಪರವಾನಗಿ ಅಲ್ಲಿ ನೆರವಾಗದು.

ವಾಣಿಜ್ಯ ಲಾರಿಯಲ್ಲಿ ಬಂದೂಕನ್ನು ಇಡಲೇಕೂಡದೆಂಬ ರಾಷ್ಟ್ರೀಯ ಸಾರಿಗೆ ನಿಯಮವೊಂದಿದೆಯೆಂದು ಚಾಲಕರಲ್ಲಿ ಅನೇಕರು ನಂಬಿರುವುದುಂಟು. ಅಂತಹ ನಿಯಮವಿಲ್ಲ. ಚಾಲಕನನ್ನು ತಡೆಯುವುದು ರಾಜ್ಯ ಶಾಸನ. ಅದಕ್ಕಿಂತ ಹೆಚ್ಚಾಗಿ ಅವನ ಧಣಿಯ ಕಟ್ಟಳೆ. ೨೦೦೪ರಲ್ಲಿ ಒಕ್ಲಹೋಮಾ, ೨೦೦೮ರಲ್ಲಿ ಫ್ಲಾರಿಡಾ ಮುಂತಾದ ರಾಜ್ಯಗಳು, ನೌಕರನು ಕೆಲಸದ ಸ್ಥಳದಲ್ಲಿ ನಿಲ್ಲಿಸಿದ ತನ್ನ ಸ್ವಂತ ವಾಹನದೊಳಗೆ ಆಯುಧವಿಡುವುದನ್ನು ಮಾಲೀಕನು ತಡೆಯಕೂಡದೆಂದು ಶಾಸನ ಮಾಡಿದವು. ಕಂಪೆನಿಯ ಲಾರಿಯನ್ನು ನಡೆಸುವವನಿಗಾದರೋ ಇದರಿಂದ ಪ್ರಯೋಜನವಿಲ್ಲ. ಆ ವಾಹನವು ಅವನದಲ್ಲ.

ಎಲ್ಲಕ್ಕಿಂತ ತೀವ್ರವಾದ ಇಕ್ಕಟ್ಟು ಕಾಣಿಸುವುದು ಲಾರಿ ನಿಂತಾಗ. ಸರಕಿನ ಲಾರಿ ಚಾಲಕನು ಹತ್ತು ಗಂಟೆಗಳ ವಿಶ್ರಾಂತಿಯ ತರುವಾಯ ಹನ್ನೊಂದು ಗಂಟೆಗಳಿಗಿಂತ ಹೆಚ್ಚು ಕಾಲ ವಾಹನ ನಡೆಸಕೂಡದೆಂಬುದು ರಾಷ್ಟ್ರೀಯ ನಿಯಮ. ೨೦೧೭ರ ಡಿಸೆಂಬರಿನಿಂದ ವಿದ್ಯುನ್ಮಾನ ಯಂತ್ರವೇ ಈ ಗಂಟೆಗಳ ಲೆಕ್ಕವನ್ನು ಬರೆಯುತ್ತದೆ. ಹಿಂದಿನಂತೆ ಕಾಗದದ ದಿನಚರಿಯಲ್ಲಿ ಅರ್ಧ ಗಂಟೆಯನ್ನು ಹೊಂದಿಸಿಕೊಂಡು ಗಡಿ ದಾಟುವ ಅವಕಾಶವಿಲ್ಲ. ಗಂಟೆ ತುಂಬಿದಲ್ಲಿ ನಿಲ್ಲಬೇಕು, ಅದು ಯಾವ ರಾಜ್ಯವೇ ಆಗಿರಲಿ. ಹೀಗೆ ರಾಷ್ಟ್ರದ ಒಂದು ನಿಯಮವು ಅವನನ್ನು ಬಲವಂತವಾಗಿ ನಿಲ್ಲಿಸುತ್ತದೆ. ಅದೇ ರಾಷ್ಟ್ರದ ಮತ್ತೊಂದು ಶಾಸನವು ಸಾಗುವವನಿಗೆ ರಕ್ಷಣೆಯೆನ್ನುತ್ತದೆ.

ನಿಂತವನ ಗತಿಯೇನೆಂಬುದನ್ನು ನ್ಯೂಜೆರ್ಸಿಯ ಎರಡು ಮೊಕದ್ದಮೆಗಳು ತೋರಿಸುತ್ತವೆ. ಎರಡರಲ್ಲಿಯೂ ಆಪಾದಿತರು ಲಾರಿ ಚಾಲಕರಲ್ಲ. ಆದರೆ ಅಲ್ಲಿ ನಿರ್ಣಯವಾದ ತತ್ತ್ವವು ಚಾಲಕರಿಗೆ ಇನ್ನೂ ಹತ್ತಿರವಾದುದು. ೨೦೦೫ರಲ್ಲಿ ಯೂಟಾ ರಾಜ್ಯದ ಪ್ರಯಾಣಿಕನೊಬ್ಬನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ತನ್ನ ಪಿಸ್ತೂಲನ್ನಿಟ್ಟು ವಿಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದನು. ನೆವಾರ್ಕಿನಲ್ಲಿ ಮುಂದಿನ ವಿಮಾನ ತಪ್ಪಿಹೋಗಿ, ಸಾಮಾನನ್ನು ಪಡೆದುಕೊಂಡು ಒಂದು ರಾತ್ರಿ ಹೋಟೆಲಿನಲ್ಲಿ ತಂಗಿದನು. ಮರುದಿನ ಬೆಳಗ್ಗೆ ತಾನೇ ಪಿಸ್ತೂಲಿನ ಸಂಗತಿಯನ್ನು ವಿಮಾನ ಸಂಸ್ಥೆಯವರಿಗೆ ತಿಳಿಸಿದಾಗ ಬಂಧಿತನಾಗಿ ಸೆರೆಮನೆ ಸೇರಿದನು. ಆಪಾದನೆಯನ್ನು ತರುವಾಯ ಕೈಬಿಡಲಾಯಿತಾದರೂ ಅವನು ಪರಿಹಾರಕ್ಕಾಗಿ ಹೂಡಿದ ದಾವೆಯು ೨೦೧೦ರಲ್ಲಿ ಸೋತಿತು. ಹೋಟೆಲಿನಲ್ಲಿ ಆ ರಾತ್ರಿ ಪೆಟ್ಟಿಗೆಯು ಅವನ ಕೈಗೆಟುಕುವಂತಿದ್ದುದರಿಂದ ೧೯೮೬ರ ರಕ್ಷಣೆ ಅವನಿಗೆ ಸಲ್ಲದೆಂದು ಮೇಲ್ಮನವಿ ನ್ಯಾಯಾಲಯವು ಹೇಳಿತು. ಮತ್ತೊಂದರಲ್ಲಿ, ೨೦೦೯ರಲ್ಲಿ ಮೇನ್ ರಾಜ್ಯದಿಂದ ಟೆಕ್ಸಾಸಿಗೆ ವಾಸ ಬದಲಿಸುತ್ತಿದ್ದವನೊಬ್ಬನು ನಿದ್ರೆ ತಡೆಯಲಾರದೆ ವಾಹನ ನಿಲ್ಲಿಸಿ ಅದರಲ್ಲಿಯೇ ಮಲಗಿದ್ದಾಗ, ಹಿಂಬದಿಯ ಆಸನದ ಮೇಲಿದ್ದ ಬಂದೂಕುಗಳಿಗಾಗಿ ಸಿಕ್ಕಿಬಿದ್ದನು. ಅವು ಕೈಗೆಟುಕುವಂತಿದ್ದುವೆಂದು ೨೦೧೩ರಲ್ಲಿ ಅವನ ಅಪರಾಧ ನಿರ್ಣಯವು ಊರ್ಜಿತವಾಯಿತು. ಆರ್ಕನ್ಸಾದ ನ್ಯಾಯಾಲಯವು ೧೮೭೯ರಲ್ಲಿ ಎಳೆದ ಗೆರೆಯ ಆಚೆಗೆ, ಬೇರೆ ಮಾತುಗಳಲ್ಲಿ, ಇವರಿಬ್ಬರೂ ಬಿದ್ದರು. ನಿದ್ರೆಗಾಗಿ ನಿಲ್ಲುವುದನ್ನು ಸಾಗುವುದರ ಅಂಗವೆಂದು ಎಣಿಸಬೇಕೆ, ಬೇಡವೆ ಎಂಬ ಪ್ರಶ್ನೆಯು, ಪ್ರತಿ ರಾತ್ರಿಯೂ ಕ್ಯಾಬಿನ್ನಿನ ಹಿಂದಣ ಹಾಸಿಗೆಯಲ್ಲಿ ಮಲಗುವವನಿಗೆ ಶಾಸ್ತ್ರಚರ್ಚೆಯಲ್ಲ.

೬

ಈ ತೊಡಕಿಗೆ ರಾಷ್ಟ್ರಮಟ್ಟದ ಪರಿಹಾರವನ್ನು ಹುಡುಕುವ ಯತ್ನಗಳು ನಡೆದಿವೆ. ೨೦೦೪ರ ಶಾಸನವೊಂದು ಪೊಲೀಸರಿಗೂ ನಿವೃತ್ತ ಪೊಲೀಸ್ ಅಧಿಕಾರಿಗಳಿಗೂ ಎಲ್ಲ ರಾಜ್ಯಗಳಲ್ಲಿ ಆಯುಧ ಧರಿಸಲು ಅನುಮತಿ ಕೊಟ್ಟಿತು. ಸಾಮಾನ್ಯ ನಾಗರಿಕರ ಪರವಾನಗಿಗಳನ್ನು ರಾಜ್ಯಗಳು ಪರಸ್ಪರ ಮನ್ನಿಸಬೇಕೆಂಬ ಸೂಚನೆಗಳಿಗೆ ಸೆನೆಟ್ ಸಭೆಯಲ್ಲಿ ೨೦೦೯ರಲ್ಲಿ ೫೮ ಮತಗಳೂ ೨೦೧೩ರಲ್ಲಿ ೫೭ ಮತಗಳೂ ಬಂದರೂ ಬೇಕಾಗಿದ್ದ ೬೦ ಕೂಡಲಿಲ್ಲ. ೨೦೧೭ರ ಡಿಸೆಂಬರಿನಲ್ಲಿ ಕೆಳಮನೆಯು ೨೩೧ಕ್ಕೆ ೧೯೮ ಮತಗಳಿಂದ ಒಪ್ಪಿದ ಮಸೂದೆಯು ಸೆನೆಟ್ಟಿನಲ್ಲಿ ಮುಂದುವರಿಯಲಿಲ್ಲ. ೨೦೨೫ರಲ್ಲಿ ಅಂತಹುದೇ ಮಸೂದೆಯನ್ನು ಪುನಃ ಮಂಡಿಸಲಾಯಿತು. ವಿರೋಧಿಗಳ ವಾದವು ಹಗುರವಾದುದಲ್ಲ. ಪರವಾನಗಿಗೆ ತರಬೇತಿಯನ್ನೂ ಪೂರ್ವಚರಿತ್ರೆಯ ಶೋಧನೆಯನ್ನೂ ಕಡ್ಡಾಯ ಮಾಡಿದ ರಾಜ್ಯವು, ಇವೆರಡನ್ನೂ ಕೇಳದ ರಾಜ್ಯದ ಕಾಗದವನ್ನು ಏಕೆ ಮನ್ನಿಸಬೇಕು? ೧೯೮೬ರ ಚಾಲನಾ ಲೈಸೆನ್ಸಿಗೆ ಮೊದಲು ಸಮಾನ ಪರೀಕ್ಷೆ ಬಂದಿತು, ಅನಂತರ ಮನ್ನಣೆ. ಇಲ್ಲಿ ಪರೀಕ್ಷೆಯಿಲ್ಲದ ಮನ್ನಣೆಯನ್ನು ಕೇಳಲಾಗುತ್ತಿದೆ. ೨೦೨೪ರ ವೇಳೆಗೆ ೨೯ ರಾಜ್ಯಗಳು ಪರವಾನಗಿಯ ಅಗತ್ಯವನ್ನೇ ತೆಗೆದುಹಾಕಿದುದರಿಂದ ಸಮಾನ ಪರೀಕ್ಷೆಯ ಮಾತು ಇನ್ನೂ ದೂರವಾಯಿತು.

ನ್ಯಾಯಾಲಯಗಳ ಮಾರ್ಗವೂ ಅರ್ಧಕ್ಕೆ ಬಂದು ನಿಂತಿದೆ. ೨೦೦೮ರ ಹೆಲರ್ ತೀರ್ಪು ಆಯುಧದ ಹಕ್ಕನ್ನು ವ್ಯಕ್ತಿಯ ಹಕ್ಕೆಂದು ಸಾರಿತು. ೨೦೧೦ರ ಮೆಕ್‌ಡೊನಾಲ್ಡ್ ತೀರ್ಪು ಅದನ್ನು ರಾಜ್ಯಗಳ ಮೇಲೂ ಹೇರಿತು. ೨೦೨೨ರ ಬ್ರೂಯೆನ್ ತೀರ್ಪು ಮನೆಯ ಹೊರಗೂ ಆ ಹಕ್ಕುಂಟೆಂದು ನ್ಯೂಯಾರ್ಕಿನ ವಿವೇಚನಾಧೀನ ಪರವಾನಗಿ ಪದ್ಧತಿಯನ್ನು ಅಸಿಂಧುಗೊಳಿಸಿತು. ಆದರೆ ಪರವಾನಗಿಯ ಪದ್ಧತಿಯನ್ನೇ ಅದು ತೆಗೆದುಹಾಕಲಿಲ್ಲ. ೨೦೨೫ರ ಮಾರ್ಚಿಯಲ್ಲಿ ಮ್ಯಾಸಚೂಸೆಟ್ಸ್‌ನ ಉಚ್ಚತಮ ನ್ಯಾಯಾಲಯವು ಹೊರರಾಜ್ಯದವರಿಗೆ ಸಂಬಂಧಿಸಿದ ಹಳೆಯ ವಿವೇಚನಾಧೀನ ನಿಯಮವನ್ನು ತಿರಸ್ಕರಿಸಿದರೂ, ಅವರು ಆ ರಾಜ್ಯದ ಪರವಾನಗಿಯನ್ನು ಪಡೆಯಬೇಕೆಂಬ ಹೊಸ ನಿಯಮವನ್ನು ಎತ್ತಿಹಿಡಿಯಿತು. ಹಕ್ಕು ಗಡಿ ದಾಟಿತು, ಕಾಗದವು ದಾಟಲಿಲ್ಲ.

ಭಾರತದ ವಾಚಕನಿಗೆ ಈ ಸಮಸ್ಯೆಯು ಅಪರಿಚಿತವೆನಿಸುವುದಕ್ಕೆ ಕಾರಣವಿದೆ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಆಯುಧ ಮತ್ತು ಮದ್ದುಗುಂಡುಗಳು ಕೇಂದ್ರದ ಪಟ್ಟಿಗೆ ಸೇರಿವೆ. ೧೮೭೮ರ ಬ್ರಿಟಿಷ್ ಶಾಸನದ ಸ್ಥಾನದಲ್ಲಿ ಬಂದ ೧೯೫೯ರ ಆಯುಧ ಶಾಸನವು ದೇಶಕ್ಕೆಲ್ಲ ಒಂದೇ. ಪರವಾನಗಿಯು ಎಷ್ಟು ಪ್ರದೇಶಕ್ಕೆ ಸಲ್ಲುವುದೆಂಬುದನ್ನು ಆ ಪತ್ರದ ಮೇಲೆಯೇ ನಮೂದಿಸಲಾಗುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರಂಪರೆಯಿಂದ ಬಂದ ವಿನಾಯಿತಿಯನ್ನು ಸಹ ಕೇಂದ್ರ ಸರ್ಕಾರವೇ ೨೦೧೯ರಲ್ಲಿ ಹತ್ತು ವರ್ಷಗಳ ಕಾಲ ಮುಂದುವರಿಸಿತು. ಇಲ್ಲಿ ಆಯುಧವು ಸರ್ಕಾರದ ಅನುಗ್ರಹ, ಆದುದರಿಂದ ಏಕರೂಪ. ಅಲ್ಲಿ ಅದು ವ್ಯಕ್ತಿಯ ಹಕ್ಕು, ಆದರೂ ರಾಜ್ಯಕ್ಕೊಂದು ರೂಪ.

ಆಯುಧ ಶಾಸನಗಳ ಈ ಕಲಹದ ನಡುವೆ ಚಾಲಕನ ಭಯದ ಮೂಲವನ್ನು ಮುಟ್ಟಿದ ಶಾಸನವು ಬೇರೊಂದು ದಿಕ್ಕಿನಿಂದ ಬಂದಿತು. ೨೦೦೯ರ ಮಾರ್ಚಿಯಲ್ಲಿ ಹಾಲನ್ನು ಸಾಗಿಸುತ್ತಿದ್ದ ಚಾಲಕನೊಬ್ಬನು ದಕ್ಷಿಣ ಕ್ಯಾರೊಲೈನಾದಲ್ಲಿ ಗೊತ್ತಾದ ವೇಳೆಗಿಂತ ಮುಂಚೆ ತಲುಪಿದನು. ಸರಕು ಇಳಿಸುವ ಹೊತ್ತಾಗುವವರೆಗೆ ನಿಲ್ಲಲು ತಕ್ಕ ಜಾಗ ದೊರೆಯದೆ ಪಾಳುಬಿದ್ದ ಪೆಟ್ರೋಲ್ ಬಂಕಿನಲ್ಲಿ ಲಾರಿ ನಿಲ್ಲಿಸಿದಾಗ ಗುಂಡಿಗೆ ಬಲಿಯಾದನು. ಕೊಲೆಗಾರನಿಗೆ ದೊರೆತುದು ಏಳು ಡಾಲರು. ಅವನ ವಿಧವೆಯ ಹೋರಾಟದ ಫಲವಾಗಿ ೨೦೧೨ರ ಜುಲೈ ತಿಂಗಳಲ್ಲಿ ಅವನ ಹೆಸರಿನಲ್ಲಿಯೇ 'ಜೇಸನ್ ಶಾಸನ'ವು ಜಾರಿಗೆ ಬಂದು, ಲಾರಿಗಳಿಗೆ ಸುರಕ್ಷಿತವಾದ ನಿಲುಗಡೆಯನ್ನು ಒದಗಿಸುವುದಕ್ಕೆ ರಾಷ್ಟ್ರೀಯ ಹೆದ್ದಾರಿ ಧನವನ್ನು ಬಳಸಲು ಅವಕಾಶ ಮಾಡಿತು. ಆ ಶಾಸನದ ಮೇರೆಗೆ ನಡೆದ ಸಮೀಕ್ಷೆಗಳು ನಿಲುಗಡೆಯ ಕೊರತೆಯು ದೇಶವ್ಯಾಪಿಯಾಗಿದೆಯೆಂಬುದನ್ನು ದೃಢಪಡಿಸಿದವು.

ಈ ಘಟನೆಯಿಂದ ಎರಡು ಪಕ್ಷದವರೂ ತಮಗೆ ಬೇಕಾದ ಪಾಠವನ್ನು ತೆಗೆಯಬಹುದು. ಚಾಲಕನ ಕೈಯಲ್ಲಿ ಪಿಸ್ತೂಲಿದ್ದಿದ್ದರೆ ಎಂದು ಒಬ್ಬರು, ಕೊಲೆಗಾರನ ಕೈಗೆ ಅದು ಅಷ್ಟು ಸುಲಭವಾಗಿ ಬಾರದಿದ್ದಿದ್ದರೆ ಎಂದು ಮತ್ತೊಬ್ಬರು. ಇತಿಹಾಸವು ಹೇಳುವುದು ಇವೆರಡಕ್ಕಿಂತ ಸರಳವಾದುದು. ಎರಡು ನೂರು ವರ್ಷಗಳಿಂದ ಅಮೆರಿಕಾದ ಶಾಸನವು ದಾರಿಯವನನ್ನು ಕೇಳುತ್ತಿರುವುದು ಎರಡೇ ಪ್ರಶ್ನೆ: ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀಯೆ. ರಾತ್ರಿ ಎಲ್ಲಿ ತಂಗುತ್ತೀಯೆ ಎಂಬ ಮೂರನೆಯ ಪ್ರಶ್ನೆಯನ್ನು ಅದು ಕೇಳಿದುದು ಈಚೆಗೆ, ಅದೂ ಒಂದು ಸಾವಿನ ತರುವಾಯ. ಆಯುಧದ ವಿಷಯದಲ್ಲಿ ಏಕಮತಕ್ಕೆ ಬರಲಾರದ ಐವತ್ತು ರಾಜ್ಯಗಳು ನಿಲುಗಡೆಯ ವಿಷಯದಲ್ಲಿಯಾದರೂ ಒಮ್ಮತಕ್ಕೆ ಬರಬಲ್ಲವು. ಹಾಲನ್ನೂ ಹಿಟ್ಟನ್ನೂ ಹೊತ್ತು ರಾತ್ರಿಯೆಲ್ಲ ಸಾಗುವವನಿಗೆ ಅಷ್ಟು ಸಲ್ಲತಕ್ಕುದು ನ್ಯಾಯ.